ನರ್ಸಮ್ಮನ ಅಂಗಳ: ಹತ್ತು ಲಕ್ಷ ಬರುತ್ತಿದೆ, ಏನು ಕೊಳ್ಳೋಣ?

(ಶಿವಮೊಗ್ಗ ಜಿಲ್ಲೆಯ ಆರೋಗ್ಯ ಉಪಕೇಂದ್ರಗಳಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತರಾದ ಹಿರಿಯ ಆರೋಗ್ಯ ಸಹಾಯಕಿಯೊಬ್ಬರು ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ.)

ಪ್ರಶ್ನೆ: ಅಕ್ಕಾ, ನಾನು ಸಾಗರದ ಕಡೆಯ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. ನಮ್ಮೂರಲ್ಲೇ ಹುಟ್ಟಿ ಈಗ ಹೊರದೇಶದಲ್ಲಿರುವ ಒಬ್ಬರು, ತೀರಿಹೋದ ಅಪ್ಪನ ನೆನಪಿಗೆ ಊರಿನ ಆರೋಗ್ಯಕ್ಕೆಂದು ಹತ್ತು ಲಕ್ಷ ಕೊಡುತ್ತೇನೆ ಅಂದಿದ್ದಾರೆ. ಅರ್ಧ ಜನ ಆಂಬುಲೆನ್ಸ್ ಅನ್ನುತ್ತಾರೆ. ಇನ್ನರ್ಧ ಜನ ದೊಡ್ಡ ಆಸ್ಪತ್ರೆಯವರನ್ನು ಕರೆಸಿ ಕ್ಯಾಂಪ್ ಮಾಡಿಸೋಣ ಅನ್ನುತ್ತಾರೆ. ಮುಂದಿನ ತಿಂಗಳು ಗ್ರಾಮಸಭೆ ಇದೆ. ನಾನು ಯಾವ ಕಡೆ ಮಾತಾಡಲಿ?

ಉತ್ತರ: ತಂಗೀ, ಎರಡು ಕಡೆಯೂ ಬೇಡ. ಸಭೆಯಲ್ಲಿ ಎದ್ದು ನಿಂತು ಮೂರು ತಿಂಗಳು ಟೈಮ್ ಕೇಳು. ದುಡ್ಡು ಕೊಡುವವರಿಗೂ ಫೋನ್ ಮಾಡಿ ಅಷ್ಟೇ ಹೇಳು. ಅಪ್ಪನ ನೆನಪಿಗೆ ಕೊಡುವವರು ಮೂರು ತಿಂಗಳು ಕಾಯುತ್ತಾರೆ.

ಯಾಕೆ ಹೀಗನ್ನುತ್ತೇನೆ ಅಂದರೆ, ಊರಿಗೆ ಏನು ಬೇಕು ಅಂತ ಕೇಳದೆ ಕೊಡುವ ಕೆಲಸವನ್ನು ನಾನೇ ಹನ್ನೆರಡು ಹದಿಮೂರು ವರ್ಷ ಮಾಡಿದ್ದೇನೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಎಲ್ಲಾ ಲೆಕ್ಕ ಮೇಲಿಂದ ಬರುತ್ತಿತ್ತು. ಈ ವರ್ಷ ಇಷ್ಟು ಸಂತಾನಹರಣ ಆಪರೇಷನ್ ಕೇಸು, ಇಷ್ಟು ಕಾಪರ್‌ ಟಿ. ಮಾರ್ಚ್ ತಿಂಗಳು ಬಂತೆಂದರೆ ನಮಗೆ ನಿದ್ದೆ ಇರುತ್ತಿರಲಿಲ್ಲ. ಗುಡ್ಡ ಹತ್ತಿ ಒಂದು ಮನೆಗೆ ಹೋದರೆ, ಆ ಮನೆಯ ಹೆಂಗಸಿಗೆ ತಿಂಗಳಿಂದ ಜ್ವರ ಬಂದು ಬಿಡುತ್ತಿದ್ದರೂ ನಾನು ಕೇಳುತ್ತಿದ್ದದ್ದು ಅವಳ ಮಕ್ಕಳ ಸಂಖ್ಯೆಯನ್ನು. 1996ರ ಏಪ್ರಿಲ್‌ನಲ್ಲಿ ಆ ಗುರಿಗಳನ್ನು ದೇಶಾದ್ಯಂತ ತೆಗೆದರು. ಮರುವರ್ಷ ಅದಕ್ಕೆ ಸಮುದಾಯದ ಅಗತ್ಯ ತಿಳಿದು ಯೋಜನೆ ಮಾಡುವ ವಿಧಾನ ಅಂತ ಹೆಸರು ಕೊಟ್ಟರು. ಇನ್ನು ಮೇಲೆ ನಿಮ್ಮ ಉಪಕೇಂದ್ರದ ಲೆಕ್ಕವನ್ನು ನೀವೇ ಮನೆಮನೆಗೆ ಹೋಗಿ ಕೇಳಿ ಬರೆಯಿರಿ ಅಂದರು. ತರಬೇತಿ ಮುಗಿಸಿ ಬಸ್ಸಿನಲ್ಲಿ ವಾಪಸ್ ಬರುವಾಗ ನಾನು ಅತ್ತಿದ್ದೆ, ಖುಷಿಗೆ.

ಆದರೆ ಆಮೇಲೆ ಏನಾಯಿತು ಅಂತಲೂ ಹೇಳಬೇಕು. ಎಷ್ಟೋ ಕಡೆ ಹೋದ ವರ್ಷದ ಅಂಕಿಗೆ ಒಂದಿಷ್ಟು ಸೇರಿಸಿ ಹೊಸ ಫಾರಂ ತುಂಬಿದರು. ಮೊದಲ ವರ್ಷ ನಾನೂ ಒಂದೆರಡು ಕೇರಿಗೆ ಹಾಗೇ ಮಾಡಿದೆ. ಮಳೆಗಾಲ ಇತ್ತು, ಹಳ್ಳ ದಾಟಲು ಆಗಲಿಲ್ಲ. ನಾನು ದಾಟಲಾರದ ಹಳ್ಳವನ್ನು ಅಲ್ಲಿನ ಬಸುರಿ ಹೇಗೆ ದಾಟುತ್ತಾಳೆ ಅನ್ನುವ ಯೋಚನೆ ಆಗ ನನಗೆ ಬರಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಈಗ ನಿನ್ನ ಮೂರು ತಿಂಗಳ ಕೆಲಸಕ್ಕೆ ಬರೋಣ.

ಮೊದಲು ಹೊಸದಾಗಿ ಏನನ್ನೂ ಬರೆಯಬೇಡ. ಬರೆದಿಟ್ಟದ್ದನ್ನು ಓದು. ಉಪಕೇಂದ್ರದ ಸಿಸ್ಟರ್ ಹತ್ತಿರ ದಂಪತಿಗಳ ರಿಜಿಸ್ಟರ್, ಬಸುರಿಯರ ಪಟ್ಟಿ ಇರುತ್ತದೆ. ಅಂಗನವಾಡಿಯಲ್ಲಿ ಮಕ್ಕಳ ತೂಕದ ಪುಸ್ತಕ, ಆಶಾ ಹತ್ತಿರ ಅವಳ ಡೈರಿ ಇರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ಹೊರರೋಗಿ ಪುಸ್ತಕದಲ್ಲಿ ಯಾವ ತಿಂಗಳು ಯಾವ ಕಾಯಿಲೆ ಜಾಸ್ತಿ ಅಂತ ವೈದ್ಯಾಧಿಕಾರಿಗಳನ್ನು ಕೇಳಿದರೆ ಹೆಸರು ಬಿಟ್ಟು ಲೆಕ್ಕ ಕೊಡುತ್ತಾರೆ. ಪೇಟೆಯ ಮೆಡಿಕಲ್ ಶಾಪಿನವರನ್ನೂ ಮಾತಾಡಿಸು. ನಿಮ್ಮೂರಿನವರು ಚೀಟಿ ಇಲ್ಲದೆ ಯಾವ ಮಾತ್ರೆ ಒಯ್ಯುತ್ತಾರೆ ಅಂತ ಅವರಿಗೆ ಗೊತ್ತಿದ್ದಷ್ಟು ಯಾವ ಡಾಕ್ಟರಿಗೂ ಗೊತ್ತಿರುವುದಿಲ್ಲ.

ಎಲ್ಲಕ್ಕಿಂತ ಮುಖ್ಯ, ಹಿಂದಿನ ಮೂರು ನಾಲ್ಕು ವರ್ಷಗಳ ಸಾವಿನ ದಾಖಲೆ. ಒಂದೇ ವರ್ಷ ಸಾಲದು. ಸಾವಿರ ಜನರ ಊರಲ್ಲಿ ವರ್ಷಕ್ಕೆ ಆಗುವ ಸಾವು ಬೆರಳೆಣಿಕೆಯಷ್ಟು. ಅದರಲ್ಲಿ ಶೇಕಡಾ ಲೆಕ್ಕ ಹಾಕಿದರೆ ಮೋಸ ಹೋಗುತ್ತೀಯ. ಲೆಕ್ಕ ಬಿಟ್ಟು ಒಂದೊಂದು ಸಾವಿನ ಕತೆ ಕೇಳು. ಯಾವ ತಿಂಗಳು, ಎಷ್ಟು ಹೊತ್ತಿಗೆ ಶುರುವಾಯಿತು, ಯಾರಿಗೆ ಮೊದಲು ಹೇಳಿದರು, ಯಾವ ಗಾಡಿ, ಎಷ್ಟು ಗಂಟೆ. ವರ್ಷಾಂತಿಕ ಮುಗಿಯದ ಮನೆಗೆ ಅವಸರದಲ್ಲಿ ಹೋಗಬೇಡ. ಹೋದರೂ ಪೆನ್ನು ಹೊರಗೆ ತೆಗೆಯಬೇಡ.

ನಾನು ಕಂಡ ಒಂದು ಊರಿನ ಪುಸ್ತಕದಲ್ಲಿ ಎರಡು ಸಾವು ಇದ್ದವು. ಒಂದಕ್ಕೆ ಹೃದಯಾಘಾತ ಅಂತ ಬರೆದಿದ್ದರು, ಇನ್ನೊಂದಕ್ಕೆ ಹಾವು ಕಡಿತ. ಪುಸ್ತಕ ನೋಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ. ಮನೆಗಳಿಗೆ ಹೋಗಿ ಕೂತ ಮೇಲೆ ತಿಳಿಯಿತು, ಎರಡೂ ಜುಲೈ ತಿಂಗಳಲ್ಲಿ ಆದವು, ಎರಡೂ ಮನೆ ಒಂದೇ ಹಳ್ಳದ ಆಚೆ. ಎರಡೂ ಸಲ 108 ಗಾಡಿ ಈಚೆ ದಡದ ರಸ್ತೆಯಲ್ಲಿ ಬಂದು ನಿಂತಿತ್ತು. ಅಡಿಕೆ ದಬ್ಬೆಯ ಸಂಕದ (ಕಾಲುಸೇತುವೆಯ) ಮೇಲೆ ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ದಾಟಿಸುವುದರಲ್ಲಿ ಹೊತ್ತು ಹೋಯಿತು. ಆ ಊರಿಗೆ ಇನ್ನೊಂದು ಆಂಬುಲೆನ್ಸ್ ಕೊಟ್ಟಿದ್ದರೆ ಈಚೆ ದಡದಲ್ಲಿ ಎರಡು ಗಾಡಿ ನಿಲ್ಲುತ್ತಿದ್ದವು, ಅಷ್ಟೇ. ಬೇಕಿದ್ದದ್ದು ಕಾಂಕ್ರೀಟಿನ ಕಾಲುಸಂಕ. ಅದು ಆರೋಗ್ಯದ ಕೆಲಸ ಅಲ್ಲ ಅಂತ ಸಭೆಯಲ್ಲಿ ಒಬ್ಬರು ವಾದಿಸಿದರು. ಆ ಎರಡು ಮನೆಯ ಹೆಂಗಸರು ಎದ್ದು ನಿಂತ ಮೇಲೆ ಸುಮ್ಮನಾದರು.

ಹಾಗಂತ ನಿಮ್ಮೂರಿಗೆ ಆಂಬುಲೆನ್ಸ್ ಬೇಡವೇ ಬೇಡ ಅಂತ ನಾನು ಇಲ್ಲಿ ಕೂತು ಹೇಳಲಾರೆ. 2008ರಿಂದ 108 ಇದೆ, ಅದು ಪುಕ್ಕಟೆ. ಕರೆ ಮಾಡಿದ ಮೇಲೆ ನಿಮ್ಮಲ್ಲಿಗೆ ಎಷ್ಟು ಹೊತ್ತಿಗೆ ಬರುತ್ತದೆ, ಸಿಗ್ನಲ್ ಎಲ್ಲಿ ಸಿಗುತ್ತದೆ ಅಂತ ಕೇಳಿ ಬರೆದುಕೊ. ಗಾಡಿ ಕೊಳ್ಳುವುದು ಒಂದು ದಿನದ ಖರ್ಚು. ಡ್ರೈವರ್ ಸಂಬಳ, ಡೀಸೆಲ್, ವಿಮೆ, ಟೈರು ಪ್ರತಿ ತಿಂಗಳ ಖರ್ಚು. ಎರಡನೇ ವರ್ಷ ಯಾರು ಕೊಡುತ್ತಾರೆ ಅಂತ ಕೇಳದೆ ಯಾವ ಗಾಡಿಗೂ ಪೂಜೆ ಮಾಡಿಸಬೇಡಿ.

ಪುಸ್ತಕ ಓದಿದ ಮೇಲೆ ಊರು ನಡೆಯಬೇಕು. ನಡೆಯುವಾಗ ಒಂದೇ ಒಂದು ಪ್ರಶ್ನೆ ತಲೆಯಲ್ಲಿ ಇಟ್ಟುಕೊ: ಪುಸ್ತಕದಲ್ಲಿ ಇಲ್ಲದವರು ಯಾರು? ಆಸ್ಪತ್ರೆಯ ಪುಸ್ತಕ ಆಸ್ಪತ್ರೆಗೆ ಬಂದವರ ಪುಸ್ತಕ, ಬರಲಾರದವರ ಹೆಸರು ಅದರಲ್ಲಿ ಇರುವುದೇ ಇಲ್ಲ. ಜೂಲಿಯನ್ ಟ್ಯೂಡರ್ ಹಾರ್ಟ್ ಅನ್ನುವ ಬ್ರಿಟನ್ನಿನ ಡಾಕ್ಟರು ಒಬ್ಬರು 1971ರಲ್ಲೇ ಇದನ್ನು ಬರೆದರಂತೆ, ಯಾರಿಗೆ ಚಿಕಿತ್ಸೆ ಹೆಚ್ಚು ಬೇಕೋ ಅವರಿಗೇ ಅದು ಕಡಿಮೆ ಸಿಗುತ್ತದೆ ಅಂತ. ತರಬೇತಿಯಲ್ಲಿ ಅದನ್ನು ಕೇಳಿದಾಗ ನನಗೆ ನೆನಪಾದದ್ದು ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ನಮ್ಮ ಕೊನೆಗೌಡರು.

ನಿನಗೆ ಹೇಳಬೇಕಿಲ್ಲ, ಕೊನೆಕೊಯ್ಲಿನ ಕಾಲದಲ್ಲಿ ಮರದಿಂದ ಬಿದ್ದವರು ಪ್ರತಿ ಸೀಮೆಯಲ್ಲೂ ಇದ್ದಾರೆ. ಬಿದ್ದ ದಿನ ಊರೆಲ್ಲ ಸೇರಿ ದೊಡ್ಡ ಆಸ್ಪತ್ರೆಗೆ ಒಯ್ಯುತ್ತಾರೆ, ಚಂದಾ ಎತ್ತುತ್ತಾರೆ. ಬೆನ್ನುಹುರಿ ಹೋಗಿ ಮನೆಗೆ ವಾಪಸ್ ಬಂದ ಮೇಲೆ ಒಂದು ವರ್ಷ ವಿಚಾರಿಸುತ್ತಾರೆ, ಆಮೇಲೆ ಇಲ್ಲ. ಒಂದೇ ಪಂಚಾಯಿತಿಯಲ್ಲಿ ನಾನು ಇಂಥ ಮೂವರನ್ನು ಕಂಡೆ. ಒಬ್ಬರೂ ನಮ್ಮ ಯಾವ ರಿಜಿಸ್ಟರಿನಲ್ಲೂ ಇರಲಿಲ್ಲ. ಬಸುರಿ ಅಲ್ಲ, ಮಗು ಅಲ್ಲ, ಟಿಬಿ ಅಲ್ಲ, ಅವರಿಗೆ ಕಾಲಂ ಇರಲಿಲ್ಲ. ಒಬ್ಬನ ಹಾಸಿಗೆ ಹುಣ್ಣಿನಲ್ಲಿ ನನ್ನ ಮುಷ್ಟಿ ಹಿಡಿಸುತ್ತಿತ್ತು. ಅವನ ಹೆಂಡತಿಯನ್ನು ಏನು ಬೇಕು ಅಂತ ಕೇಳಿದೆ. ಔಷಧಿ ಅನ್ನುತ್ತಾಳೆ ಅಂದುಕೊಂಡಿದ್ದೆ. ಅವಳು ಅಂದಳು, “ರಾತ್ರಿ ಇವರನ್ನ ಮಗ್ಗುಲು ತಿರುಗಿಸೋಕೆ ಇನ್ನೊಂದು ಕೈ ಬೇಕು ಸಿಸ್ಟರ್. ನನಗೆ ಒಂದು ರಾತ್ರಿ ಪೂರಾ ನಿದ್ದೆ ಬೇಕು.” ಈ ಉತ್ತರ ಯಾವ ಫಾರಂನಲ್ಲಿ ಬರುತ್ತದೆ ಹೇಳು. ಗಾಳಿ ಹಾಸಿಗೆ, ಮೂತ್ರದ ನಳಿಗೆ ಬದಲಿಸಲು ತಿಂಗಳಿಗೊಮ್ಮೆ ಮನೆಗೆ ಬರುವ ಒಬ್ಬ ನರ್ಸ್, ವಾರಕ್ಕೆ ಎರಡು ರಾತ್ರಿ ಜೊತೆಗಿರುವ ಕೂಲಿಯಾಳು. ಇಂಥದ್ದಕ್ಕೆ ಹತ್ತು ಲಕ್ಷ ಬಹಳ ವರ್ಷ ಬಾಳುತ್ತದೆ.

ಇನ್ನು ಜನರನ್ನು ಕೇಳುವ ರೀತಿ. ಬೆಳಗ್ಗೆ ಹನ್ನೊಂದಕ್ಕೆ ದೇವಸ್ಥಾನದ ಸಭಾಭವನದಲ್ಲಿ ಸಭೆ ಕರೆದರೆ ಬರುವವರು ಯಾರು ಅಂತ ನಿನಗೇ ಗೊತ್ತು. ಕೂಲಿಗೆ ಹೋದವರು ಬರುವುದಿಲ್ಲ, ಹೆಂಗಸರು ಬಂದರೂ ಗೋಡೆಗೆ ಒರಗಿ ಕೂರುತ್ತಾರೆ. ಆ ಸಭೆಯಲ್ಲಿ ಆಸ್ಪತ್ರೆ ಬೇಕು, ಡಾಕ್ಟರು ಬೇಕು ಅಂತ ಬರುತ್ತದೆ. ಅದೇ ಹೆಂಗಸರ ಜೊತೆ ರಾತ್ರಿ ಅಡಿಕೆ ಸುಲಿಯುವ ಜಾಗದಲ್ಲಿ ಮೆಟ್ಟುಗತ್ತಿಯ ಮುಂದೆ ನೀನೂ ಕೂತುಕೊ. ಬಿಳಿ ಹೋಗುವುದು, ಗಂಡನ ಕುಡಿತ, ಗರ್ಭಕೋಶ ತೆಗೆಸು ಅಂತ ಯಾರೋ ಹೇಳಿದ್ದು, ಔಷಧಿ ಹೊಡೆದು ಬಂದ ರಾತ್ರಿ ಮಗನಿಗೆ ವಾಂತಿ ಆಗಿದ್ದು, ಎಲ್ಲಾ ಒಂದರ ಹಿಂದೆ ಒಂದು ಬರುತ್ತದೆ. ತೋಟದ ಕೆಲಸಕ್ಕೆ ಹೊರಗಿಂದ ಬಂದು ಶೆಡ್ಡಿನಲ್ಲಿ ಉಳಿದವರನ್ನು ಮರೆಯಬೇಡ. ಬೇಸಿಗೆಯಲ್ಲಿ ಕಾಡಿಗೆ ತರಗೆಲೆ ತರಲು ಹೋಗುವವರು ಯಾರು ಅಂತಲೂ ಕೇಳು. ನಮ್ಮದು 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಮೊದಲು ಕಂಡ ಸೀಮೆ. ಮಂಗ ಸತ್ತದ್ದನ್ನು ಮೊದಲು ನೋಡುವವರು ಅವರೇ, ಆ ಕಾಯಿಲೆ ಹರಡುವ ಉಣ್ಣೆಹುಳ ಕಚ್ಚುವುದೂ ಅವರಿಗೇ. ಆದರೆ ಸತ್ತ ಮಂಗ ಕಂಡರೆ ಯಾರಿಗೆ ಹೇಳಬೇಕು ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ.

ಅಂಗಳದಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬರೆಸು. ಹಳ್ಳ, ಸಂಕ, ಬಾವಿ, ಮನೆ, ಎಲ್ಲಾ. ನಡೆಯಲಾರದ ಮುದುಕರಿರುವ ಮನೆಗೆ ಒಂದು ಅಡಿಕೆ, ಬಸುರಿ ಇರುವ ಮನೆಗೆ ಕುಂಕುಮ, ಮಳೆಗಾಲದಲ್ಲಿ ದಾರಿ ಕಡಿದು ಹೋಗುವ ಮನೆಗೆ ಕಲ್ಲು. ಓದು ಬಾರದ ಅಜ್ಜಿಯೂ ಕೈ ಚಾಚಿ, ಅಲ್ಲಲ್ಲ, ಆ ಮನೆ ಹಳ್ಳದ ಆಚೆ ಅಂತ ತಿದ್ದುತ್ತಾಳೆ. ಟಿಬಿ, ಎಚ್‌ಐವಿ, ಮಾನಸಿಕ ಕಾಯಿಲೆ ಮಾತ್ರ ಆ ನಕ್ಷೆಯಲ್ಲಿ ಗುರುತು ಮಾಡಕೂಡದು.

ಎಲ್ಲಾ ಸೇರಿದ ಮೇಲೆ ಪಟ್ಟಿ ಉದ್ದ ಆಗುತ್ತದೆ. ಆಗ ಒಂದೊಂದರ ಮುಂದೆ ಯಾರ ಕೆಲಸ ಅಂತ ಬರೆ. ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಸರ್ಕಾರಿ ಆಸ್ಪತ್ರೆಯಲ್ಲಿ ಇರಬೇಕಾದದ್ದು ಸರ್ಕಾರದ ಜವಾಬ್ದಾರಿ. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು. ಆ ಇಂಜೆಕ್ಷನ್ನನ್ನು ಸರ್ಕಾರದಿಂದ ಕೇಳಿ ಪಡೆಯಿರಿ, ದಾನದ ದುಡ್ಡಲ್ಲಿ ಕೊಳ್ಳಬೇಡಿ. ಬಾವಿ ಕಟ್ಟೆ, ಚರಂಡಿ ಪಂಚಾಯಿತಿಯದು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿ ಇದೆ, ಸಣ್ಣಪುಟ್ಟದ್ದು ಅದರಲ್ಲಿ ಆಗುತ್ತದೆ. ಯಾರ ಕಾಲಂನಲ್ಲೂ ಬರದೆ ಉಳಿಯುವುದಕ್ಕೆ ಆ ಹತ್ತು ಲಕ್ಷ ಇಡು.

ಕ್ಯಾಂಪ್ ಬಗ್ಗೆ ಒಂದೇ ಮಾತು. ಕ್ಯಾಂಪಿನಲ್ಲಿ ಬಿಪಿ ಇದೆ ಅಂತ ಗೊತ್ತಾದವರಿಗೆ ಮುಂದಿನ ತಿಂಗಳು ಮಾತ್ರೆ ಎಲ್ಲಿ ಸಿಗುತ್ತದೆ ಅಂತ ಮೊದಲೇ ಗೊತ್ತಿದ್ದರೆ ಮಾಡಿಸಿ.

ಪ್ರಶ್ನೆ: ಪಾವಗಡ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮೇಷ್ಟ್ರಾಗಿದ್ದೇನೆ. ಇಲ್ಲಿ ನಲವತ್ತು ದಾಟಿದವರಿಗೆಲ್ಲ ಮಂಡಿ, ಸೊಂಟ ನೋವು. ಆಸ್ಪತ್ರೆಗೆ ಹೋದರೆ ನೋವಿನ ಮಾತ್ರೆ ಕೊಟ್ಟು ಕಳಿಸುತ್ತಾರೆ. ಊರಿಗೆ ಮೂಳೆ ಡಾಕ್ಟರನ್ನು ವಾರಕ್ಕೊಮ್ಮೆ ಕರೆಸಬೇಕೆಂದು ಅರ್ಜಿ ಬರೆಯುತ್ತಿದ್ದೇವೆ. ನಿಮ್ಮ ಸಲಹೆ?

ಉತ್ತರ: ಮೇಷ್ಟ್ರೇ, ನಿಮ್ಮ ಸೀಮೆಯಲ್ಲಿ ನಾನು ಕೆಲಸ ಮಾಡಿಲ್ಲ. ಆದರೆ ಪಾವಗಡದ ಕೊಳವೆಬಾವಿ ನೀರಿನ ಫ್ಲೋರೈಡ್ ವಿಷಯ ನಮ್ಮ ತರಬೇತಿಯಲ್ಲೆಲ್ಲ ಬರುತ್ತಿತ್ತು. ನೀರಿನಲ್ಲಿ ಅದು ಹೆಚ್ಚಿದ್ದರೆ ಹಲ್ಲು, ಮೂಳೆ ಎರಡೂ ಕೆಡುತ್ತವೆ. ಅರ್ಜಿ ಕಳಿಸುವ ಮೊದಲು ನಿಮ್ಮ ಏಳನೇ ಕ್ಲಾಸಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಲ್ಲು ನೋಡಿ. ಮುಂದಿನ ಹಲ್ಲುಗಳಲ್ಲಿ ಸೀಮೆಸುಣ್ಣದಂಥ ಬಿಳಿ ಮಚ್ಚೆ, ಕಂದು ಗೆರೆ ಎಷ್ಟು ಮಕ್ಕಳಿಗಿದೆ ಅಂತ ಎಣಿಸಿ. ಆ ಹಲ್ಲು ಒಸಡಿನೊಳಗೆ ರೂಪುಗೊಳ್ಳುತ್ತಿದ್ದ ವರ್ಷಗಳಲ್ಲಿ ಮಗು ಎಂಥ ನೀರು ಕುಡಿಯಿತು ಅಂತ ಆ ಗೆರೆ ಹೇಳುತ್ತದೆ. ಬಹಳ ಮಕ್ಕಳಿಗೆ ಹಾಗಿದ್ದು, ದೊಡ್ಡವರ ಕತ್ತು, ಸೊಂಟ ಬಗ್ಗದೆ ಬಿಗಿದುಕೊಂಡಿದ್ದರೆ, ಮೊದಲು ನೀರಿನ ಕಡೆ ನೋಡಬೇಕು.

ಪ್ರತಿ ಕೊಳವೆಬಾವಿಯ ನೀರನ್ನೂ ಬೇರೆಬೇರೆಯಾಗಿ ಪರೀಕ್ಷೆ ಮಾಡಿಸಿ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪುತ್ತಾರೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ.

ಊರಲ್ಲಿ ಕಾಯಿನ್ ಹಾಕುವ ಶುದ್ಧ ನೀರಿನ ಘಟಕ ಇದೆ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಅಡುಗೆಗೆ ಯಾವ ನೀರು ಅಂತ ಹೆಣ್ಣುಮಕ್ಕಳನ್ನು ಕೇಳಿ. ಕುಡಿಯುವುದಕ್ಕೆ ಒಂದು ಕ್ಯಾನ್ ತಂದು, ಮುದ್ದೆಗೆ, ಸಾರಿಗೆ ಕೊಳವೆಬಾವಿ ನೀರನ್ನೇ ಹಾಕುವ ಮನೆ ಎಷ್ಟು ಅಂತ ಎಣಿಸಿದರೆ ನಿಮ್ಮ ಅರ್ಜಿಗೆ ಬೇಕಾದ ನಿಜವಾದ ಅಂಕಿ ಸಿಗುತ್ತದೆ. ಆಸ್ಪತ್ರೆಯ ಪುಸ್ತಕದಲ್ಲಿ ಇದೆಲ್ಲಾ ಮೈಕೈ ನೋವು ಅಂತ ಒಂದೇ ಸಾಲಿನಲ್ಲಿ ಇರುತ್ತದೆ. ಮೂಳೆ ಡಾಕ್ಟರೂ ಬರಲಿ, ನೋವು ತಿನ್ನುತ್ತಿರುವವರಿಗೆ ಬೇಕೇ ಬೇಕು. ಆದರೆ ಅರ್ಜಿಯ ಮೊದಲ ಸಾಲು ನೀರಿನದಾಗಲಿ. ನಿಮ್ಮೂರಿನ ಅಂಗನವಾಡಿ ಮಕ್ಕಳ ದೊಡ್ಡ ಹಲ್ಲು ಇನ್ನೂ ಒಸಡಿನೊಳಗೇ ರೂಪುಗೊಳ್ಳುತ್ತಿದೆ.

ಪ್ರಶ್ನೆ: ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ. ನಮ್ಮೂರಿನ ವಾಟ್ಸಾಪ್ ಗ್ರೂಪಿನಲ್ಲಿ ಗೂಗಲ್ ಫಾರಂ ಹಾಕಿ ಎರಡೇ ದಿನದಲ್ಲಿ ಆರೋಗ್ಯ ಸಮೀಕ್ಷೆ ಮುಗಿಸಬಹುದಲ್ಲವೇ, ಆಂಟಿ? ಹೇಗೂ ಸರ್ಕಾರದ ಅಂಕಿಅಂಶವೂ ಇದೆ.

ಉತ್ತರ: ಮಗಾ, ನಿನ್ನ ಉತ್ಸಾಹ ಬೇಕು. ಆದರೆ ಆ ಗ್ರೂಪಿನಲ್ಲಿ ನಿನ್ನ ಅಜ್ಜಿ ಇದ್ದಾರಾ ನೋಡು. ಊರಿನ ಕಡೇ ಕೇರಿಯವರು ಎಷ್ಟು ಜನ ಇದ್ದಾರೆ ನೋಡು. ಆಮೇಲೆ, ಕಾಯಿಲೆ ಮತ್ತು ಹೆಸರು ಒಂದೇ ಹಾಳೆಯಲ್ಲಿ, ಅದೂ ಫೋನಿನಿಂದ ಫೋನಿಗೆ ಹೋಗುವ ಹಾಳೆಯಲ್ಲಿ ಇರಬಾರದು. ಮಾತ್ರೆ ತಿನ್ನುವ ಹುಡುಗಿಯ ಮದುವೆ ಮುರಿದದ್ದನ್ನು ನಾನು ಕಂಡಿದ್ದೇನೆ.

ಸರ್ಕಾರದ ಅಂಕಿ ದಿಕ್ಕು ತೋರಿಸುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ. ಆ ಸಮೀಕ್ಷೆ ಜಿಲ್ಲೆಯವರೆಗೆ ಮಾತ್ರ ಇಳಿಯುತ್ತದೆ, ನಿಮ್ಮೂರಿನ ಅಂಗನವಾಡಿಯ ಯಾವ ಮಗು ಅಂತ ಅದು ಹೇಳಲಾರದು. ನಿನ್ನ ಕೈಚಳಕ ಇಲ್ಲಿ ಬಳಸು: ಸಿಸ್ಟರ್ ಮತ್ತು ಆಶಾ ಕೈಯಲ್ಲಿ ಬರೆದ ಪುಸ್ತಕಗಳಿಂದ ಹೆಸರು ಬಿಟ್ಟು ತಿಂಗಳವಾರು ಲೆಕ್ಕ ತೆಗೆದು ಕೊಡು. ಅವರಿಗೆ ಅದಕ್ಕೆ ಟೈಮೇ ಸಿಗುವುದಿಲ್ಲ.

ಪ್ರಶ್ನೆ: ನಮ್ಮ ಹಳ್ಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರ ಯಾಕೆ ಕೊಡುವುದಿಲ್ಲ? ಪಕ್ಕದ ಹೋಬಳಿಗೆ ಕೊಟ್ಟಿದ್ದಾರೆ.

ಉತ್ತರ: ಜನಸಂಖ್ಯೆಯ ಲೆಕ್ಕ ಅಣ್ಣ. ಬಯಲಲ್ಲಿ 30,000 ಜನಕ್ಕೆ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20,000 ಜನಕ್ಕೆ ಒಂದು ಪಿಎಚ್‌ಸಿ. ಉಪಕೇಂದ್ರಕ್ಕೆ 5,000 ಮತ್ತು 3,000. ತಲೆ ಎಣಿಸುವ ಈ ಲೆಕ್ಕದಲ್ಲಿ ದಾರಿಯ ದೂರ ಸರಿಯಾಗಿ ಕಾಣುವುದಿಲ್ಲ, ಅದು ನನ್ನ ಬಹಳ ವರ್ಷದ ತಕರಾರು. ಹಾಗಾಗಿ ಅರ್ಜಿಯಲ್ಲಿ ಜನಸಂಖ್ಯೆ ಬರೆದು ಸುಮ್ಮನಾಗಬೇಡಿ. ಕಡೇ ಮನೆಯಿಂದ ಈಗಿನ ಪಿಎಚ್‌ಸಿಗೆ ಎಷ್ಟು ಕಿಲೋಮೀಟರ್, ದಿನಕ್ಕೆ ಎಷ್ಟು ಬಸ್ಸು, ಸಂಜೆಯ ಕಡೇ ಬಸ್ಸು ಎಷ್ಟಕ್ಕೆ, ಮಳೆಗಾಲದಲ್ಲಿ ಎಷ್ಟು ದಿನ ದಾರಿ ಬಂದ್ ಅಂತ ಬರೆಯಿರಿ.

ಪ್ರಶ್ನೆ: ಸಿಸ್ಟರ್, ನಾನು ಆಶಾ ಕಾರ್ಯಕರ್ತೆ, ಹೆಸರು ಹಾಕಬೇಡಿ. ಜ್ವರದ ಸರ್ವೆ, ಕುಷ್ಠ ಸರ್ವೆ, ಮೂವತ್ತು ವರ್ಷ ಮೇಲಿನವರ ಬಿಪಿ, ಶುಗರ್ ಸರ್ವೆ, ಮುಗಿಯುವುದೇ ಇಲ್ಲ. ಈಗ ಪಂಚಾಯಿತಿಯವರು ಊರಿನ ಆರೋಗ್ಯ ಅಗತ್ಯ ಅಂತ ಇನ್ನೊಂದು ಶುರು ಮಾಡುತ್ತಾರಂತೆ. ನಾನು ಬರುವುದು ಕಂಡರೆ ಜನ ಬಾಗಿಲು ಹಾಕುತ್ತಾರೆ. ಏನು ಮಾಡಲಿ?

ಉತ್ತರ: ತಾಯಿ, ನಿನ್ನ ಪತ್ರ ಎರಡು ಸಲ ಓದಿದೆ. ಪಂಚಾಯಿತಿಯವರಿಗೆ ಧೈರ್ಯವಾಗಿ ಹೇಳು, ಹೊಸ ಫಾರಂ ಬೇಡ, ಹಳೆಯದರಿಂದ ತೆಗೆದುಕೊಳ್ಳಿ ಅಂತ. ಮೂವತ್ತು ದಾಟಿದವರ ಫಾರಂನಲ್ಲಿ ತಂಬಾಕು, ಕುಡಿತ, ಸೊಂಟದ ಸುತ್ತಳತೆ, ಮನೆಯಲ್ಲಿ ಯಾರಿಗೆ ಬಿಪಿ, ಶುಗರ್ ಎಲ್ಲಾ ನೀನು ಆಗಲೇ ಬರೆದಿದ್ದೀಯ. ಆ ಉತ್ತರಗಳಿಗೆ ಹಾಕುವ ಅಂಕ ನಾಲ್ಕಕ್ಕಿಂತ ಹೆಚ್ಚು ಬಂದು, ಮೊದಲು ಪರೀಕ್ಷೆಗೆ ಹೋಗಬೇಕಾದವರನ್ನು ಗುರುತಿಸಿದ್ದೀಯ. ಅವರಲ್ಲಿ ಎಷ್ಟು ಜನ ಪರೀಕ್ಷೆಗೆ ಹೋದರು, ಹೋಗದವರು ಯಾಕೆ ಹೋಗಲಿಲ್ಲ, ಅದೊಂದನ್ನು ಕೇಳಿದರೆ ಸಾಕು. ಮಿಕ್ಕದ್ದಕ್ಕೆ ಅವರು ನಿನ್ನ ಹತ್ತಿರ ಅರ್ಧ ದಿನ ಕೂತು ಕೇಳಲಿ, ನಿನ್ನ ಆ ದಿನದ ಕೂಲಿ ಕೊಟ್ಟು. ಒಂದು ಸಾವಿರ ಜನರ ಮನೆಯೊಳಗಿನ ವಿಷಯ ನಿನ್ನ ತಲೆಯಲ್ಲಿದೆ.

ಬಾಗಿಲು ಹಾಕುವವರ ಮೇಲೆ ಬೇಸರ ಮಾಡಿಕೊಳ್ಳಬೇಡ. ನನಗೂ ಒಂದು ಮನೆ ಬಾಗಿಲು ಹಾಕಿತ್ತು. ಆ ಮನೆಯಲ್ಲಿ ಹುಟ್ಟಿನಿಂದ ಕಾಲು ಬಾರದ ಒಬ್ಬ ಹುಡುಗಿ. ಬೇರೆಬೇರೆ ಸರ್ವೆಗೆ ಅಂತ ಮೂರು ಸಲ ಹೋಗಿ ಮೂರು ಸಲವೂ ಅವಳ ಹೆಸರು, ವಯಸ್ಸು ಬರೆದುಕೊಂಡು ಬಂದಿದ್ದೆ. ನಾಲ್ಕನೇ ಸಲ ಅವಳ ಅಮ್ಮ ಕದದ ಸಂದಿಯಿಂದ, “ಬರ್ಕೊಂಡು ಹೋಗ್ತೀರಿ, ತರೋದೇನು?” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ವಾರ ಪಿಎಚ್‌ಸಿ ಜೀಪಿಗೆ ಬೇಡಿಕೊಂಡು, ತಾಲ್ಲೂಕಿನಲ್ಲಿ ಅಂಗವಿಕಲರ ಸರ್ಟಿಫಿಕೇಟ್ ಕೊಡುವ ದಿನ ತಿಳಿದುಕೊಂಡು, ತಾಯಿ ಮಗಳನ್ನು ಕರೆದುಕೊಂಡು ಹೋದೆ. ಬೆಳಗ್ಗೆ ಏಳಕ್ಕೆ ಹೊರಟವರು ರಾತ್ರಿ ಒಂಬತ್ತಕ್ಕೆ ವಾಪಸ್ ಬಂದೆವು. ಮಾಸಾಶನ ಶುರುವಾಗಲು ಆಮೇಲೂ ಏಳೆಂಟು ತಿಂಗಳು ಹಿಡಿಯಿತು. ಆದರೆ ಆ ಕೇರಿಯಲ್ಲಿ ಆ ದಿನದಿಂದ ನನಗೆ ಬಾಗಿಲು ತೆಗೆದರು. ಯಾರಿಗೆ ಏನಾಗಿದೆ ಅಂತ ಕೇಳದೆಯೇ ಹೇಳತೊಡಗಿದರು.

ಪಂಚಾಯಿತಿಯವರು ಕೇಳದೆ ಹೊಸ ಫಾರಂ ತಂದೇ ಬಿಟ್ಟರೆ, ಕಡೆಗೆ ಇನ್ನೊಂದು ಕಾಲಂ ಎಳೆಸು: ಈ ಮನೆಗೆ ಏನು ಮಾಡಿದೆವು, ಯಾವ ತಾರೀಕು. ಅದು ಭರ್ತಿಯಾಗದೆ ಆ ಮನೆಗೆ ಎರಡನೇ ಸಲ ಸರ್ವೆಗೆ ಹೋಗುವುದಿಲ್ಲ ಅಂತ ಸಭೆಯಲ್ಲೇ ಹೇಳಿಬಿಡು. ಈ ಪುಟ ಕತ್ತರಿಸಿ ತೋರಿಸು ಬೇಕಾದರೆ.